ಹಳೆಯ ಟ್ಯಾಬ್ಲೆಟ್‌ಗೆ ಬ್ಯಾಟರಿ ಹಾಕಿಸುವುದೋ, ಹೊಸತನ್ನೇ ಕೊಳ್ಳುವುದೋ?

ಪ್ರಶ್ನೆ: ಶಿರಸಿ ಕಡೆಯ ತೋಟಿಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2019ರ ಮಾದರಿಯ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಇದೆ. ಕೊರೋನಾ ಬಂದು ಶಾಲೆಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ, ಆಗ ಏಳನೆಯ ತರಗತಿಯಲ್ಲಿದ್ದ ಮಗಳಿಗೆಂದು ಅದನ್ನು ಕೊಂಡಿದ್ದೆವು. ಪರದೆ 10.1 ಇಂಚು, ರ್ಯಾಮ್ 2 ಜಿಬಿ, ಸಂಗ್ರಹ 32 ಜಿಬಿ. ಆಂಡ್ರಾಯ್ಡ್ 11ಕ್ಕೆ ಬಂದ ಮೇಲೆ ಕಂಪನಿಯವರು ಅದನ್ನು ಅಲ್ಲಿಗೇ ಬಿಟ್ಟಿದ್ದಾರೆ. ಮಗಳು ಈಗ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ.

ಇದನ್ನು ಮೂವರು ಬಳಸುತ್ತೇವೆ. ಮಗಳು ಪಠ್ಯಪುಸ್ತಕಗಳ ಪಿಡಿಎಫ್, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಸಿಇಟಿ ತಯಾರಿಯ ವಿಡಿಯೋ ಪಾಠ ಇವುಗಳಿಗೆ ಬಳಸುತ್ತಾಳೆ. ನಾನು ತೋಟದ ಕೆಲಸದ ನಡುವೆ ಹವ್ಯಾಸಕ್ಕಾಗಿ ತಾಳಮದ್ದಳೆಯಲ್ಲಿ ಪದ್ಯ ಹೇಳುವವನಾದ್ದರಿಂದ, ಸ್ಕ್ಯಾನ್ ಮಾಡಿದ ಯಕ್ಷಗಾನ ಪ್ರಸಂಗ ಪುಸ್ತಕಗಳನ್ನೂ, ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಕನ್ನಡ ಪುಸ್ತಕಗಳನ್ನೂ ಇದರಲ್ಲೇ ಓದುತ್ತೇನೆ. ಸಂಜೆ ಹೊತ್ತಿಗೆ ಇದು ಆಯಿಯ (ನನ್ನ ಅಮ್ಮನ) ಕೈ ಸೇರುತ್ತದೆ. ಅವರಿಗೆ ಯೂಟ್ಯೂಬಿನ ಯಕ್ಷಗಾನ ಬೇಕು.

ತೊಂದರೆಗಳು ಹೀಗಿವೆ. ಪೂರ್ತಿ ಚಾರ್ಜ್ ಮಾಡಿದರೂ ಎರಡು ಗಂಟೆ ದಾಟುವುದರೊಳಗೆ ಕೆಂಪು ಗುರುತು ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ನಮ್ಮಂಥ ಊರಿನಲ್ಲಿ ಇದು ದೊಡ್ಡ ಅಡಚಣೆ. ಪ್ರಸಂಗದ ಪಿಡಿಎಫ್‌ನಲ್ಲಿ ನಾಲ್ಕು ಪುಟ ಮುಂದೆ ಸರಿಸಿದರೆ ಪುಟ ಬಿಳಿಯಾಗಿ ನಿಂತುಬಿಡುತ್ತದೆ, ಅಕ್ಷರ ಮೂಡುವಷ್ಟರಲ್ಲಿ ಮದ್ದಳೆಯವರು ನನ್ನ ಮುಖ ನೋಡುತ್ತಿರುತ್ತಾರೆ. ವಿಡಿಯೋ ಪಾಠ ನಿಲ್ಲಿಸಿ ಪಿಡಿಎಫ್ ನೋಡಿ ಹಿಂದಿರುಗಿದರೆ ಆ್ಯಪ್ ಮೊದಲಿನಿಂದ ತೆರೆದುಕೊಳ್ಳುತ್ತದೆ. ಗೆಳೆಯರು ಕಳಿಸುವ ಕೆಲವು ವರ್ಡ್ ಕಡತಗಳಲ್ಲಿ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಜಾಗ ಸಾಲದೆಂಬ ಸೂಚನೆಯಂತೂ ನಿತ್ಯ ಬರುತ್ತದೆ.

ಬ್ಯಾಟರಿ ಬದಲಿಸಲು ಇಲ್ಲಿನ ಒಂದು ಅಂಗಡಿಯವರು ಎರಡೂವರೆ ಸಾವಿರ ರೂಪಾಯಿ ಹೇಳಿದ್ದಾರೆ. ಹೊಸತು ಕೊಳ್ಳುವುದಾದರೆ 25 ಸಾವಿರದವರೆಗೆ ಹೊಂದಿಸಬಲ್ಲೆ. ಬೆಂಗಳೂರಿನಲ್ಲಿರುವ ಬಂಧುಗಳು ಕೊಂಡರೆ ಐಪ್ಯಾಡನ್ನೇ ಕೊಳ್ಳಿ ಎನ್ನುತ್ತಾರೆ, ಮಗಳಿಗೆ ಪೆನ್ನಿನಿಂದ ಬರೆಯಬಹುದಾದದ್ದು ಬೇಕು. ಸಿಮ್ ಹಾಕುವ ಮಾದರಿ ಅಗತ್ಯವೇ ಎಂಬುದೂ ತಿಳಿಯದು. ಹಳೆಯದರ ಮೇಲೆ ಹಣ ಹಾಕುವುದು ಸರಿಯೇ, ಹೊಸತಾದರೆ ಯಾವುದನ್ನು ನೋಡಿ ಆರಿಸಬೇಕು, ದಯವಿಟ್ಟು ತಿಳಿಸಿ.

ಉತ್ತರ: ಕಾರವಾರದ ರಿಪೇರಿಯವ

ತಾವು ತೊಂದರೆಗಳನ್ನು ಬಿಡಿಬಿಡಿಯಾಗಿ ಬರೆದದ್ದು ಒಳ್ಳೆಯದಾಯಿತು. ನನ್ನ ಮೇಜಿನ ಮುಂದೆ ನಿಲ್ಲುವವರಲ್ಲಿ ಹೆಚ್ಚಿನವರು "ಸ್ಲೋ ಆಗಿದೆ, ಹೊಸತು ತಗೊಳ್ಳಲೋ" ಎಂದಷ್ಟೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲ. ತಾವು ಬರೆದ ತೊಂದರೆಗಳಿಗೆ ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದನ್ನು ಮಾತ್ರ ಬ್ಯಾಟರಿ ಸರಿಪಡಿಸುತ್ತದೆ.

ಮೊದಲು ಬ್ಯಾಟರಿಯ ಮಾತು. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಸುಮ್ಮನೆ ಇಟ್ಟರೂ ಸವೆಯುತ್ತದೆ. ನೂರು ಪ್ರತಿಶತ ತುಂಬಿಸಿ ಬಿಸಿಯಲ್ಲಿ ಇಟ್ಟರಂತೂ ಬೇಗ ಸವೆಯುತ್ತದೆ. ಕರೆಂಟು ಹೋಗುವ ಭಯಕ್ಕೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಬ್ಲೆಟ್ಟು, ಫೋನು ಎಲ್ಲ ಚಾರ್ಜರಿಗೆ ಸಿಕ್ಕಿಸಿಯೇ ಇರುತ್ತವೆ. ಐದಾರು ವರ್ಷ ಹಾಗೆ ದುಡಿದ ಬ್ಯಾಟರಿ ಎರಡು ಗಂಟೆ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಬದಲಿಸುವ ಮುನ್ನ ಚಾರ್ಜಿಂಗ್ ಪೋರ್ಟನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕರಾವಳಿಯ ಉಪ್ಪುಗಾಳಿಗೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲದಿದ್ದರೂ ತೇವಕ್ಕೆ ಕಡಿಮೆಯಿಲ್ಲ. ಕಿಲುಬು ಇದ್ದರೆ ರಾತ್ರಿಯಿಡೀ ಇಟ್ಟರೂ ಪೂರ್ತಿ ತುಂಬುವುದಿಲ್ಲ, ಜನ ಅದನ್ನೇ ಬ್ಯಾಟರಿ ಹೋಯಿತೆಂದು ತಿಳಿಯುತ್ತಾರೆ. ಬೇರೆ ಒಳ್ಳೆಯ ಚಾರ್ಜರು ಮತ್ತು ಕೇಬಲ್ ಹಾಕಿ ನೋಡುವುದು ಅದಕ್ಕಿಂತ ಸುಲಭದ ಪರೀಕ್ಷೆ. ಪರದೆಯ ಅಂಚು ಎಲ್ಲಿಯಾದರೂ ಚೌಕಟ್ಟಿನಿಂದ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ, ಆಗ ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸಬೇಕು.

ಪುಟ ಬಿಳಿಯಾಗುವುದು ರ್ಯಾಮಿನ, ಅಂದರೆ ಆ್ಯಪ್‌ಗಳು ನಡೆಯುವಾಗ ಬಳಸುವ ತಾತ್ಕಾಲಿಕ ಜಾಗದ, ಕೊರತೆ. ಪಿಡಿಎಫ್ ಕಡತ ಚಿಕ್ಕದಾಗಿ ಕಾಣುವುದು ಅದರೊಳಗಿನ ಚಿತ್ರಗಳನ್ನು ಒತ್ತಿ ತುಂಬಿರುವುದರಿಂದ. ಪರದೆಯ ಮೇಲೆ ತೋರಿಸಬೇಕಾದರೆ ಅದನ್ನು ಬಿಚ್ಚಿ ಹರಡಬೇಕು. ಇಂಚಿಗೆ 300 ಚುಕ್ಕಿಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಒಂದು ಎ4 ಪುಟ ಅಗಲದಲ್ಲಿ 2480, ಎತ್ತರದಲ್ಲಿ 3508 ಚುಕ್ಕಿಗಳದ್ದು; ಪ್ರತಿ ಚುಕ್ಕಿಗೆ ನಾಲ್ಕು ಬೈಟಿನ ಲೆಕ್ಕ ಹಿಡಿದರೆ ಬಿಚ್ಚಿದ ಪುಟ ಒಂದಕ್ಕೇ ಸುಮಾರು 35 ಎಂಬಿ ಆಗುತ್ತದೆ. ಹಿಂದಿನದು, ಮುಂದಿನದು ಎಂದು ನಾಲ್ಕಾರು ಪುಟಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. 2 ಜಿಬಿಯಲ್ಲಿ ಬಹುಪಾಲನ್ನು ಆಂಡ್ರಾಯ್ಡ್ ಮತ್ತು ಗೂಗಲ್ ಸೇವೆಗಳೇ ಹಿಡಿದುಕೊಂಡ ಮೇಲೆ ಉಳಿಯುವ ಜಾಗದಲ್ಲಿ ಇದು ಸಾಗುವುದಿಲ್ಲ. ಆ್ಯಪ್ ಮೊದಲಿನಿಂದ ತೆರೆದುಕೊಳ್ಳುವುದಕ್ಕೂ ಇದೇ ಕಾರಣ: ಜಾಗ ಸಾಲದಾಗ ಹಿಂದಿನ ಆ್ಯಪನ್ನು ಆಂಡ್ರಾಯ್ಡ್ ತಾನೇ ಮುಚ್ಚಿಬಿಡುತ್ತದೆ. ಟ್ಯಾಬ್ಲೆಟ್‌ನ ರ್ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಹೆಚ್ಚಿಸಲು ಬರುವುದಿಲ್ಲ. ಈ ಬೆಲೆಯ ಹಳೆಯ ಟ್ಯಾಬ್ಲೆಟ್‌ಗಳಲ್ಲಿ ಇಎಂಎಂಸಿ ಬಗೆಯ ಅಗ್ಗದ ಸಂಗ್ರಹ ಇರುತ್ತದೆ; ಅದು ತುಂಬುತ್ತ ಬಂದಂತೆ ಬರೆಯುವ ವೇಗ ಕುಸಿಯುತ್ತದೆ. ಎಲ್ಲವನ್ನೂ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಸ್ವಲ್ಪ ಕಾಲ ಚುರುಕಾಗುತ್ತದೆ, ರ್ಯಾಮಿನ ಕತೆ ಮಾತ್ರ ಹಾಗೆಯೇ ಇರುತ್ತದೆ.

ಆಂಡ್ರಾಯ್ಡ್ 11 ಎಂಬ ಕಾರಣಕ್ಕೆ ಇಂದೇ ಎಸೆಯಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕ್ರೋಮ್‌ನ 139ನೆಯ ಆವೃತ್ತಿ ಆಂಡ್ರಾಯ್ಡ್ 8 ಮತ್ತು 9ನ್ನು ಕೈಬಿಟ್ಟಿತು, ಆದರೆ 10ರಿಂದ ಮೇಲಿನವು ಉಳಿದುಕೊಂಡವು. ಅಂದರೆ ತಮ್ಮದು ಅಂಚಿನಲ್ಲಿದೆ, ಇನ್ನೂ ಆಚೆ ಬಿದ್ದಿಲ್ಲ. ಭದ್ರತಾ ತೇಪೆಗಳು ನಿಂತಿರುವ ಸಾಧನದಲ್ಲಿ ಬ್ಯಾಂಕಿನ ಕೆಲಸ ಮಾತ್ರ ಇಟ್ಟುಕೊಳ್ಳಬೇಡಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಅದನ್ನು ಮುಂದೆ ಯಾರು ಬಳಸುತ್ತಾರೆ ಎಂಬುದರ ಮೇಲೆ ಬ್ಯಾಟರಿ ನಿಂತಿದೆ. ತಮ್ಮ ಅಮ್ಮನವರಿಗೆ ಕುರ್ಚಿಯ ಪಕ್ಕ ಚಾರ್ಜರಿಗೆ ಸಿಕ್ಕಿಸಿ ಯಕ್ಷಗಾನ ನೋಡುವುದಷ್ಟೇ ಸಾಕಾದರೆ ಆ ಎರಡೂವರೆ ಸಾವಿರವನ್ನೂ ಖರ್ಚು ಮಾಡುವುದು ಬೇಡ, ಉಬ್ಬಿಲ್ಲವೆಂದು ಮಾತ್ರ ಆಗಾಗ ನೋಡಿಕೊಳ್ಳಿ. ತಮಗೋ ಮಗಳಿಗೋ ಅದೇ ಆಗಬೇಕೆಂದಾದರೆ, ಹೊಸ ಬ್ಯಾಟರಿ ಹಾಕಿದ ಮೇಲೂ ಪುಟ ಬಿಳಿಯಾಗಿಯೇ ನಿಲ್ಲುತ್ತದೆ.

ಸಿಮ್ ಇರುವ ಮಾದರಿಗೆ ಕೆಲವು ಸಾವಿರ ಹೆಚ್ಚು ಕೊಡಬೇಕು. ಮನೆಯಲ್ಲಿ ಫೋನಿನ ಹಾಟ್‌ಸ್ಪಾಟ್ ಇರುವಾಗ ಅದರ ಅಗತ್ಯ ಕಾಣುವುದಿಲ್ಲ. ಫೈಬರ್ ಸಂಪರ್ಕ ಇದ್ದು, ಕರೆಂಟು ಹೋದಾಗ ರೂಟರ್ ಆರುವುದೇ ತೊಂದರೆಯಾದರೆ, ರೂಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿಸಿಕೊಳ್ಳುವುದು ಅದಕ್ಕಿಂತ ಅಗ್ಗ, ಮನೆಮಂದಿಗೆಲ್ಲ ಉಪಯೋಗ.

ಉತ್ತರ: ಅಂಕೋಲೆಯ ಓದುಗ

ಬಂಧುಗಳು ಹೇಳಿದ್ದರಲ್ಲಿ ತಪ್ಪಿಲ್ಲ. ಹೊಸ ಐಪ್ಯಾಡ್‌ಗೆ ಹಣ ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಒಂದನ್ನು ನೋಡಿ. ಹನ್ನೆರಡು, ಹದಿನೈದು ಸಾವಿರಕ್ಕೆಲ್ಲ ಜಾಹೀರಾತುಗಳು ಕಾಣುತ್ತವೆ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಿಗೆ ಎರಡು ವರ್ಷಕ್ಕೇ ಅಪ್‌ಡೇಟ್ ನಿಲ್ಲುವುದನ್ನು ನೋಡಿದ ಮೇಲೆ ನನಗಂತೂ ಅವುಗಳ ಮೇಲೆ ಭರವಸೆಯಿಲ್ಲ.

ಉತ್ತರ: ಕುಮಟೆಯ ಉಪನ್ಯಾಸಕಿ

ಅಂಕೋಲೆಯವರ ಸಲಹೆಗೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಜಾಹೀರಾತಿನಲ್ಲಿ "ಐಪ್ಯಾಡ್" ಎಂದಷ್ಟೇ ಇರುತ್ತದೆ, ಯಾವ ತಲೆಮಾರಿನದೆಂಬುದನ್ನು ಕೊಳ್ಳುವವರೇ ಕೇಳಿ ತಿಳಿಯಬೇಕಾಗುತ್ತದೆ. 2018ರ ಆರನೆಯ ತಲೆಮಾರಿನ ಐಪ್ಯಾಡ್, ಅದನ್ನು ನಡೆಸುವ ತಂತ್ರಾಂಶವಾದ ಐಪ್ಯಾಡ್‌ಒಎಸ್‌ನ 17ನೆಯ ಆವೃತ್ತಿಗೆ ನಿಂತಿತು. 2019ರ ಏಳನೆಯದು 18ಕ್ಕೆ ನಿಂತಿತು. 2025ರಲ್ಲಿ ಬಂದ ಐಪ್ಯಾಡ್‌ಒಎಸ್ 26 ನಡೆಯಬೇಕಾದರೆ 2020ರ ಎಂಟನೆಯ ತಲೆಮಾರಿನದಾದರೂ ಬೇಕು. ಆ ಎಂಟನೆಯದರ ಮೂಲ ಮಾದರಿಯಲ್ಲಿ ಇರುವುದು 32 ಜಿಬಿ ಸಂಗ್ರಹ, ಅದರಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವೂ ಇಲ್ಲ. ಜಾಗ ಸಾಲದೆಂದು ಬೇಸತ್ತವರು ಮತ್ತೆ 32 ಜಿಬಿಯನ್ನೇ ಮನೆಗೆ ತಂದುಕೊಂಡಂತಾಗುತ್ತದೆ. ಹಳೆಯದನ್ನೇ ಕೊಳ್ಳುವುದಾದರೆ 2021ರ ಒಂಬತ್ತನೆಯದು ಲೇಸು. 64 ಜಿಬಿಯಿಂದ ಶುರುವಾಗುತ್ತದೆ, ಇಯರ್‌ಫೋನ್ ಸಿಕ್ಕಿಸುವ ದುಂಡು ರಂಧ್ರ ಇರುವ ಕೊನೆಯ ಐಪ್ಯಾಡೂ ಅದೇ. ಆದರೂ ನಾಲ್ಕು ವರ್ಷ ಯಾರೋ ಬಳಸಿದ ಬ್ಯಾಟರಿ ಅದರೊಳಗಿರುತ್ತದೆ ಎಂಬುದು ನೆನಪಿರಲಿ. ಐಪ್ಯಾಡ್‌ನ ಬ್ಯಾಟರಿ ಸಾವಿರ ಪೂರ್ಣ ಚಾರ್ಜುಗಳ ಬಳಿಕವೂ ಶೇ 80ರಷ್ಟು ಹಿಡಿಯುವಂತೆ ರೂಪಿಸಿದ್ದೆಂದು ಆ್ಯಪಲ್ ಹೇಳುತ್ತದೆ, ಆದರೆ ಮಾರುವವರು ಎಷ್ಟು ಚಾರ್ಜು ಮಾಡಿದ್ದಾರೆಂದು ನಮಗೆ ಹೇಳುವವರಾರು?

ಹೊಸತರ ಬೆಲೆಯನ್ನೂ ನೋಡೋಣ. ಎ16 ಚಿಪ್ಪಿನ ಐಪ್ಯಾಡ್ 2025ರ ಮಾರ್ಚ್‌ನಲ್ಲಿ ಬಂದಾಗ 128 ಜಿಬಿಯ ವೈಫೈ ಮಾದರಿಗೆ ಭಾರತದಲ್ಲಿ 34,900 ರೂಪಾಯಿ ನಿಗದಿಯಾಯಿತು. ಅದಕ್ಕೆ ಹೊಂದುವ ಪೆನ್ಸಿಲ್‌ಗಳಲ್ಲಿ ಅಗ್ಗದ್ದಾದ ಯುಎಸ್‌ಬಿ-ಸಿ ಬಗೆಯದು 2023ರಲ್ಲಿ 7,900 ರೂಪಾಯಿಗೆ ಬಂದಿತ್ತು. ಎರಡೂ ಸೇರಿ 42,800. ಹಬ್ಬದ ರಿಯಾಯಿತಿಯಲ್ಲಿ ಕೆಲವು ಸಾವಿರ ಇಳಿದರೂ ತಾವು ಹೇಳಿದ 25 ಸಾವಿರಕ್ಕೆ ಅದು ಬರುವುದಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಮಾತಿನ ಮುಖ್ಯ ಭಾಗ ಇಲ್ಲಿದೆ. ತಮ್ಮ ಮಗಳು ಇನ್ನು ಕೆಲವೇ ತಿಂಗಳಲ್ಲಿ ಬರೆಯಲಿರುವ ವಾರ್ಷಿಕ ಪರೀಕ್ಷೆ ಕಾಗದದ ಮೇಲೆ, ನೀಲಿ ಅಥವಾ ಕಪ್ಪು ಪೆನ್ನಿನಲ್ಲಿ. 2025ರಲ್ಲಿ ಸಿಇಟಿ, ನೀಟ್ ಎರಡೂ ನಡೆದದ್ದು ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯ ಮೇಲೆ. ಕಂಪ್ಯೂಟರಿನಲ್ಲಿ ನಡೆಯುವ ಜೆಇಇ ಮೇನ್‌ನಲ್ಲಿಯೂ ಲೆಕ್ಕ ಮಾಡುವುದು ಅವರು ಕೊಡುವ ಕಚ್ಚಾ ಹಾಳೆಯ ಮೇಲೆಯೇ. ಇಂಥ ಪರೀಕ್ಷೆಗಳಿಗೆ ಸಿದ್ಧವಾಗುವ ಹುಡುಗಿ ಈ ವರ್ಷ ಗಾಜಿನ ಮೇಲೆ ಬರೆಯುವುದನ್ನು ರೂಢಿಸಿಕೊಳ್ಳುವುದರಿಂದ ಏನು ಲಾಭವೆಂದು ನನಗೆ ತಿಳಿಯದು. ಗಾಜಿನ ಮೇಲೆ ಅಳಿಸುವುದು ಸುಲಭ, ಅದೇ ಅದರ ಕೆಡುಕು. ಉತ್ತರಪತ್ರಿಕೆಯಲ್ಲಿ ಒಂದು ಸಾಧನೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಇಳಿಸುವ ಅಭ್ಯಾಸ ನೋಟ್‌ಬುಕ್ಕಿನಲ್ಲೇ ಬರಬೇಕು. ಟ್ಯಾಬ್ಲೆಟ್ ಓದಲಿಕ್ಕೆ, ನೋಡಲಿಕ್ಕೆ ಇರಲಿ, ಬರೆಯಲಿಕ್ಕೆ ಬೇಡ. ಪೆನ್ನಿನ ಆಸೆಯನ್ನು ಪದವಿ ಸೇರಿದ ಮೇಲೆ ಪೂರೈಸಬಹುದು.

ಪೆನ್ನು ಬೇಕೇಬೇಕೆಂದಾದರೆ ಒಂದು ವ್ಯತ್ಯಾಸ ತಿಳಿದಿರಲಿ. ಮುನ್ನೂರು ರೂಪಾಯಿಗೆ ಸಿಗುವ, ತುದಿಯಲ್ಲಿ ರಬ್ಬರ್ ಅಥವಾ ಪಾರದರ್ಶಕ ಬಿಲ್ಲೆ ಇರುವ ಕಡ್ಡಿಯನ್ನು ಪರದೆ ಬೆರಳೆಂದೇ ತಿಳಿಯುತ್ತದೆ. ಅಂಗೈ ತಾಗಿದರೂ ಗೆರೆ ಬೀಳುತ್ತದೆ. ಅಂಗೈಯನ್ನು ಬೇರೆಯೆಂದು ಗುರುತಿಸಿ ಬಿಟ್ಟುಬಿಡುವ ಪೆನ್ನಿಗೆ ಪರದೆಯೂ ಅದಕ್ಕೆಂದೇ ಇರಬೇಕು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್, ಎಸ್9 ಎಫ್‌ಇ ಇವುಗಳಲ್ಲಿ ಪೆನ್ನು ಪೆಟ್ಟಿಗೆಯೊಳಗೇ ಬರುತ್ತದೆ. ಅದೇ ಕಂಪನಿಯ 11 ಇಂಚಿನ ಎ9 ಪ್ಲಸ್ ಅಂಥ ಪೆನ್ನನ್ನು ಒಪ್ಪುವುದಿಲ್ಲ, ಅಂಗಡಿಯಲ್ಲಿ ಯಾರಾದರೂ ಹೊಂದುತ್ತದೆಂದರೆ ಮುಂದೆಯೇ ಬರೆದು ತೋರಿಸಲು ಹೇಳಿ.

ಇನ್ನೊಂದು ಮಾತು. ಮಗಳು ಮುಂದಿನ ವರ್ಷ ಎಂಜಿನಿಯರಿಂಗ್‌ಗೋ ಬಿಸಿಎಗೋ ಸೇರಿದರೆ ಲ್ಯಾಪ್‌ಟಾಪ್ ಕೊಳ್ಳದೆ ಗತ್ಯಂತರವಿಲ್ಲ; ಪ್ರೋಗ್ರಾಮಿಂಗ್, ಡ್ರಾಯಿಂಗ್ ತಂತ್ರಾಂಶ, ಪ್ರಾಜೆಕ್ಟ್ ವರದಿ ಇವು ಟ್ಯಾಬ್ಲೆಟ್‌ನಲ್ಲಿ ನೆಟ್ಟಗಾಗುವುದಿಲ್ಲ. ವೈದ್ಯಕೀಯಕ್ಕೋ ಬಿಎಸ್‌ಸಿ ಕೃಷಿಗೋ ಹೋದರೆ ದಪ್ಪ ಪುಸ್ತಕಗಳ ಪಿಡಿಎಫ್ ಓದಿ ಅಂಚಿನಲ್ಲಿ ಟಿಪ್ಪಣಿ ಬರೆದುಕೊಳ್ಳಲು ಪೆನ್ನಿನ ಟ್ಯಾಬ್ಲೆಟ್ ನಿಜಕ್ಕೂ ಒದಗುತ್ತದೆ. ಯಾವುದೆಂಬುದು ಸೀಟು ಹಂಚಿಕೆಯಾದ ಮೇಲೆ ತಿಳಿಯುವ ವಿಷಯ. ಅದಕ್ಕೂ ಮೊದಲೇ ಮಗಳ ಹೆಸರಿನಲ್ಲಿ 25 ಸಾವಿರ ಹಾಕುವುದು ನನಗೆ ಸರಿಕಾಣದು. ತಮ್ಮ ಓದಿಗಾಗಿ ಕೊಳ್ಳುವುದಾದರೆ ಅದು ಬೇರೆ ಮಾತು, ಅದನ್ನು ತಮ್ಮ ಲೆಕ್ಕದಲ್ಲೇ ತೂಗಿ ನೋಡಿ.

ಉತ್ತರ: ಸಿದ್ದಾಪುರದ ಹಿಮ್ಮೇಳಪ್ರಿಯ

ತೋಟಿಗರೇ, ತಮ್ಮ ಪ್ರಶ್ನೆಯಲ್ಲಿ ಮದ್ದಳೆಯವರ ಪ್ರಸ್ತಾಪ ಬಂದದ್ದರಿಂದ ನಾನೂ ಬರೆಯಬೇಕೆನಿಸಿತು. ಪದ್ಯ ಹೇಳುವವರಿಗೆ ಟ್ಯಾಬ್ಲೆಟ್ ಆರಿಸುವಾಗ ಅಂಗಡಿಯವರು ಹೇಳುವ ಪ್ರೊಸೆಸರ್, ಕ್ಯಾಮೆರಾ, ಹರ್ಟ್ಸ್ ಇವೆಲ್ಲ ಎರಡನೆಯ ಮಾತು. ಮೊದಲು ನೋಡಬೇಕಾದದ್ದು ಪರದೆಯ ಅಗಲ, ಮತ್ತು ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ.

ಇಂಚಿನಲ್ಲಿ ಹೇಳುವ ಅಳತೆ ಮೂಲೆಯಿಂದ ಮೂಲೆಗೆ ಇರುವ ದೂರ, ಆದ್ದರಿಂದ ಅದೊಂದೇ ಸಾಲದು. ತಮ್ಮ 10.1 ಇಂಚಿನ ಪರದೆ 16:10 ಪ್ರಮಾಣದ್ದಾದರೆ, ನೆಟ್ಟಗೆ ಹಿಡಿದಾಗ ಅಗಲ ಸುಮಾರು 13.6 ಸೆಂಟಿಮೀಟರ್, ಎತ್ತರ 21.8 ಸೆಂಟಿಮೀಟರ್. ನಮ್ಮ ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಡೆಮಿ 1/8 ಎಂದು ಅಚ್ಚಾಗಿರುತ್ತದಲ್ಲ, ಅದರ ಅಳತೆ ಸುಮಾರು 14 ಸೆಂಟಿಮೀಟರ್ ಅಗಲ, 21.5 ಎತ್ತರ. ಅಂದರೆ ಡೆಮಿ ಅಳತೆಯ ಪುಸ್ತಕ ಈಗಿರುವ ಪರದೆಯಲ್ಲೇ ಹೆಚ್ಚುಕಡಿಮೆ ನಿಜವಾದ ಗಾತ್ರದಲ್ಲಿ ಕೂರುತ್ತದೆ, ಅದಕ್ಕಿಂತ ಚಿಕ್ಕದಾದ ಕ್ರೌನ್ 1/8 ಆದರೆ ಇನ್ನೂ ನಿರಾಳ. ನನ್ನ ಬಳಿಯ ಪ್ರಸಂಗ ಪುಸ್ತಕಗಳಲ್ಲಿ ಹೆಚ್ಚಿನವು ಈ ಎರಡು ಅಳತೆಗಳಲ್ಲೇ ಇವೆ. ಪದ್ಯಕ್ಕೆ ದೊಡ್ಡ ಪರದೆ ಬೇಕೆಂದು ಯಾರಾದರೂ 12 ಇಂಚಿನದನ್ನು ತೋರಿಸಿದರೆ ಮರುಳಾಗಬೇಡಿ. ಅದರ ಭಾರಕ್ಕೆ ತಕ್ಕ ಸ್ಟ್ಯಾಂಡ್ ಹುಡುಕುವುದೇ ಕೆಲಸವಾಗುತ್ತದೆ.

ಪಠ್ಯಪುಸ್ತಕದ ಕತೆ ಬೇರೆ. ಪಿಯು ವಿಜ್ಞಾನದ ಎನ್‌ಸಿಇಆರ್‌ಟಿ ಪುಸ್ತಕಗಳು ಎ4ಗೆ ಹತ್ತಿರದ ಅಳತೆಯವು, ಅಗಲ 21 ಸೆಂಟಿಮೀಟರಿನಷ್ಟು. ತಮ್ಮ ಪರದೆಯಲ್ಲಿ ಅಂಥ ಪುಟ ಶೇ 65ಕ್ಕೆ ಕುಗ್ಗುತ್ತದೆ. ಸಮೀಕರಣಗಳ ಘಾತಾಂಕ, ಚಿತ್ರದ ಕೆಳಗಿನ ಸಣ್ಣಕ್ಷರ ಓದಲು ಪ್ರತಿ ಸಲವೂ ಎರಡು ಬೆರಳಿಟ್ಟು ಹಿಗ್ಗಿಸಬೇಕು, ಹಿಗ್ಗಿಸಿದಾಗಲೆಲ್ಲ ರ್ಯಾಮಿಗೆ ಮತ್ತೆ ಕೆಲಸ. 16:10 ಪ್ರಮಾಣದ 11 ಇಂಚಿನ ಪರದೆ ಸುಮಾರು 14.8 ಸೆಂಟಿಮೀಟರ್ ಅಗಲವಿರುತ್ತದೆ, ಅದರಲ್ಲಿ ಎ4 ಪುಟ ಶೇ 70ರಷ್ಟು. ಉಪನ್ಯಾಸಕಿಯವರು ಹೇಳಿದ ಎ16 ಐಪ್ಯಾಡ್ ಮೂಲೆಯಿಂದ ಮೂಲೆಗೆ 11 ಇಂಚಿಗೆ ಕೊಂಚ ಕಡಿಮೆಯಿದ್ದರೂ ಅಗಲದಲ್ಲಿ 15.7 ಸೆಂಟಿಮೀಟರ್ ಇದೆ, ಶೇ 75 ಬರುತ್ತದೆ. ಐದು ಪ್ರತಿಶತದ ಈ ಅಂತರಕ್ಕೆ ಹದಿನೈದು ಸಾವಿರ ಹೆಚ್ಚು ಕೊಡಬೇಕೋ ಎಂಬುದನ್ನು ಕೊಳ್ಳುವವರು ಯೋಚಿಸಬೇಕು. ಲೆಕ್ಕಗಳ ಮೇಲೆ ನಂಬಿಕೆ ಬರದಿದ್ದರೆ, ಬೇಕೆನಿಸಿದ ಟ್ಯಾಬ್ಲೆಟ್‌ನ ಪರದೆಯ ಅಳತೆಗೆ ಒಂದು ಹಾಳೆ ಕತ್ತರಿಸಿ ಮಗಳ ಪುಸ್ತಕದ ಮೇಲೂ ತಮ್ಮ ಪ್ರಸಂಗದ ಮೇಲೂ ಇಟ್ಟು ನೋಡಿ.

ಬಿಳಿ ಪುಟದ ವಿಷಯದಲ್ಲಿ ರಿಪೇರಿಯವರು ಹೇಳಿದ್ದು ಸರಿಯೇ. ಆದರೆ ಹಳೆಯದನ್ನೇ ಇಟ್ಟುಕೊಂಡು ಅದನ್ನು ತಕ್ಕಮಟ್ಟಿಗೆ ನಿವಾರಿಸಲು ಒಂದು ದಾರಿಯಿದೆ. ಪದ್ಯ ಹೇಳಲು ಇಡೀ ಸಂಪುಟ ಬೇಕಾಗಿಲ್ಲ, ಆ ದಿನದ ಪ್ರಸಂಗ ಸಾಕು. ಕಂಪ್ಯೂಟರಿನಲ್ಲಿ ಆ ಭಾಗವನ್ನಷ್ಟೇ ಬೇರೆ ಕಡತವಾಗಿ ಕತ್ತರಿಸಿ, ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ, ಇಂಚಿಗೆ 150 ಚುಕ್ಕಿಗೆ ಇಳಿಸಿ. ಚುಕ್ಕಿಗಳ ಸಂಖ್ಯೆ ನಾಲ್ಕನೆಯ ಒಂದು ಪಾಲಾಗುತ್ತದೆ. 2 ಜಿಬಿಯ ಟ್ಯಾಬ್ಲೆಟ್ಟಿಗೂ ಅಂಥ ಪುಟ ಭಾರವಾಗದು. ಹಳೆಯ ಅಚ್ಚಿನ ಮಾಸಲು ಕಾಗದದ ಹಳದಿಯೂ ಹೋಗಿ ಅಕ್ಷರ ಎದ್ದು ಕಾಣುತ್ತದೆ. ಪದ್ಯದ ಮೇಲೆ ಸಣ್ಣದಾಗಿ ಅಚ್ಚಾದ ರಾಗ, ತಾಳದ ಹೆಸರು ಅಳಿಸಿಹೋಗಿಲ್ಲವೆಂದು ಒಮ್ಮೆ ನೋಡಿಕೊಳ್ಳಿ. ಅದು ಹೋದರೆ ಉಳಿದದ್ದು ಇದ್ದೂ ಪ್ರಯೋಜನವಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಪದ್ಯ ಹೇಳುವವರ ಎರಡೂ ಕೈಗಳಲ್ಲಿ ತಾಳವಿರುವುದರಿಂದ ಪುಟ ಸರಿಸುವುದು ಯಾವ ಟ್ಯಾಬ್ಲೆಟ್‌ನಲ್ಲಾದರೂ ಕಷ್ಟವೇ. ಪಾಶ್ಚಾತ್ಯ ಸಂಗೀತದವರು ಬಳಸುವ ಬ್ಲೂಟೂತ್ ಪೆಡಲ್ ಸಿಗುತ್ತದೆ, ಕಾಲಿನಿಂದ ಒತ್ತಿದರೆ ಪುಟ ಮಗುಚುತ್ತದೆ. ಅದು ಕೀಲಿಮಣೆಯಂತೆ ಜೋಡಣೆಯಾಗುವುದರಿಂದ ಹಳೆಯ ಆಂಡ್ರಾಯ್ಡ್‌ಗೂ ಹೊಂದುತ್ತದೆ, ಪಿಡಿಎಫ್ ಆ್ಯಪ್ ಆ ಕೀಲಿಗಳನ್ನು ಒಪ್ಪಬೇಕಷ್ಟೇ. ಪರದೆ ತಾನಾಗಿ ಆರುವ ಸಮಯವನ್ನು ಹೆಚ್ಚಿಸಿ, ಫೋನಿನ ಸೂಚನೆಗಳನ್ನೆಲ್ಲ ನಿಲ್ಲಿಸಿ ಕೂರಿ. ಕರುಣರಸದ ಪದ್ಯದ ನಡುವೆ ಅಡಿಕೆ ದರದ ಸಂದೇಶ ಬಂದರೆ ಪಾತ್ರಗಳ ಮಾತಾಡುವ ಅರ್ಥಧಾರಿಗಳಿಗೆ ಸಿಟ್ಟು ಬರುತ್ತದೆ.

ವರ್ಡ್ ಕಡತಗಳಲ್ಲಿ ಇಂಗ್ಲಿಷ್ ಅಕ್ಷರ ಕಾಣುವುದು ಟ್ಯಾಬ್ಲೆಟ್‌ನ ದೋಷವಲ್ಲ, ಒಂದು ಲಕ್ಷದ್ದನ್ನು ತಂದರೂ ಹಾಗೆಯೇ ಕಾಣುತ್ತದೆ. ಆ ಕಡತಗಳನ್ನು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ (ಫಾಂಟ್) ಟೈಪ್ ಮಾಡಿದ್ದಾರೆ. ಅಲ್ಲಿ ಕಡತದಲ್ಲಿ ಉಳಿದಿರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡದ ರೂಪ ಕೊಡುವುದು ಆ ಕಂಪ್ಯೂಟರಿನಲ್ಲಿರುವ ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಡೆ ಬರಿಯ ಸಂಕೇತಗಳು ಕಾಣುತ್ತವೆ. ಕಳಿಸುವವರಿಗೆ ಪಿಡಿಎಫ್ ಮಾಡಿ ಕಳಿಸಲು ಹೇಳಿದರೆ ಫಾಂಟ್ ಒಳಗೇ ಸೇರಿ ಬರುವುದರಿಂದ ಓದಲು ಅಡ್ಡಿಯಿಲ್ಲ, ಅದರಲ್ಲಿ ಪದ ಹುಡುಕಲು ಮಾತ್ರ ಬರುವುದಿಲ್ಲ. ಶಾಶ್ವತವಾಗಿ ಇಟ್ಟುಕೊಳ್ಳಬೇಕಾದ ಪ್ರಸಂಗವಾದರೆ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದರಿಂದ ಒಮ್ಮೆ ಓದಿ ತಿದ್ದಬೇಕು. ಯೂನಿಕೋಡ್ ಆದ ಪದ್ಯವನ್ನು ಬೇಕಾದಷ್ಟು ದೊಡ್ಡಕ್ಷರ ಮಾಡಿ ಫೋನಿನಲ್ಲೇ ಓದಬಹುದು; ಆಮೇಲೆ ಟ್ಯಾಬ್ಲೆಟ್ ಬೇಕೆಂಬುದೇ ಅಷ್ಟಾಗಿ ಉಳಿಯದು.

ಪ್ರಶ್ನೆ ಕೇಳಿದವರು: ಶಿರಸಿ ಕಡೆಯ ತೋಟಿಗ

ಎಲ್ಲರಿಗೂ ಕೃತಜ್ಞತೆಗಳು. ಸಿದ್ದಾಪುರದವರು ಹೇಳಿದಂತೆ ಹಾಳೆ ಕತ್ತರಿಸಿ ನೋಡಿದೆವು. ಪ್ರಸಂಗದ ಪುಸ್ತಕ ಈಗಿನ ಪರದೆಯ ಅಳತೆಗೇ ಸರಿಹೋಗುತ್ತದೆ, ಮಗಳ ಭೌತಶಾಸ್ತ್ರದ ಪುಸ್ತಕ 11 ಇಂಚಿನ ಹಾಳೆಯಲ್ಲೂ ಎರಡು ಬದಿ ಹೊರಗೇ ಉಳಿಯುತ್ತದೆ. ಪಠ್ಯಪುಸ್ತಕಗಳು ಹೇಗೂ ಅಚ್ಚಾದವೇ ಮನೆಯಲ್ಲಿರುವುದರಿಂದ ಅದಕ್ಕಾಗಿ ಟ್ಯಾಬ್ಲೆಟ್ ಕೊಳ್ಳುವುದನ್ನು ಕೈಬಿಟ್ಟಿದ್ದೇವೆ. ಉಪನ್ಯಾಸಕಿಯವರ ಮಾತನ್ನು ಮಗಳಿಗೆ ಓದಿ ಹೇಳಿದಾಗ ಅವಳು ಪೂರ್ತಿ ಒಪ್ಪಲಿಲ್ಲ, ಆದರೆ ಸೀಟು ಹಂಚಿಕೆಯವರೆಗೆ ಕಾಯಲು ಒಪ್ಪಿದ್ದಾಳೆ. ವಿಡಿಯೋ ಪಾಠಕ್ಕೆ ಅಷ್ಟರವರೆಗೆ ಅವಳ ತಾಯಿಯ ಫೋನ್ ಸಾಕಾಗುತ್ತದೆ.

ಇನ್ನುಳಿದದ್ದು ನನ್ನ ಪದ್ಯ ಮತ್ತು ಆಯಿಯ ಯಕ್ಷಗಾನ. ಪ್ರಸಂಗಗಳನ್ನು ಕತ್ತರಿಸಿ ಇಳಿಸಿದ ಮೇಲೆ ಪುಟ ತಡವರಿಸುವುದು ಬಹಳಷ್ಟು ಕಡಿಮೆಯಾಗಿದೆ. ಹಾಗಾದರೆ ಬ್ಯಾಟರಿಯನ್ನು ಹಾಕಿಸಿಬಿಡಲೇ? ಪೋರ್ಟಿನಲ್ಲಿ ಕಿಲುಬು ಕಾಣಲಿಲ್ಲ, ಚಾರ್ಜರ್ ಬದಲಿಸಿ ನೋಡಿದರೂ ವ್ಯತ್ಯಾಸವಾಗಲಿಲ್ಲ. ಪರದೆಯ ಎಡಗಡೆಯ ಕೆಳಮೂಲೆ ಮಾತ್ರ ಬಲಗಡೆಗಿಂತ ಸ್ವಲ್ಪ ಎದ್ದಂತಿದೆ, ಉಗುರು ಹೋಗುವಷ್ಟು. ಜಿಎಸ್‌ಟಿ ಇಳಿದು ಹೊಸತರ ಬೆಲೆ ಕಡಿಮೆಯಾಗಿದೆಯೆಂದು ಯಾರೋ ಹೇಳಿದರು, ಅದು ನಿಜವೇ? ರಿಪೇರಿಯವರೇ, ತಮ್ಮಲ್ಲಿಗೆ ಕೊರಿಯರ್ ಮಾಡಿದರೆ ಬದಲಿಸಿಕೊಡುವಿರಾ?

ಉತ್ತರ: ಕಾರವಾರದ ರಿಪೇರಿಯವ

ಕೊರಿಯರ್ ಖಂಡಿತ ಬೇಡ. ಉಗುರು ಹೋಗುವಷ್ಟು ಎದ್ದಿದೆಯೆಂದರೆ ಬ್ಯಾಟರಿ ಉಬ್ಬಿದೆ. ಅದನ್ನು ಕಟ್ಟಿ ಚೀಲಗಳ ನಡುವೆ ತುಂಬಿ ಕಳಿಸುವುದು ಅಪಾಯ. ಇವತ್ತೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಎದ್ದ ಮೂಲೆಯನ್ನು ಒತ್ತಿ ಕೂರಿಸಲು ಹೋಗಬೇಡಿ, ಹಾಸಿಗೆ, ಪುಸ್ತಕ, ಒಲೆಯಿಂದ ದೂರ ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲಿಡಿ. ಚಾರ್ಜರಿಗೆ ಸಿಕ್ಕಿಸಿಯೇ ಅಮ್ಮನವರಿಗೆ ಕೊಡಬಹುದೆಂದು ಮೊದಲು ಬರೆದದ್ದು ಉಬ್ಬದ ಬ್ಯಾಟರಿಗೆ, ಇದಕ್ಕೆ ಅನ್ವಯಿಸುವುದಿಲ್ಲ.

ಬದಲಿಸುವುದಾದರೆ ಶಿರಸಿಯಲ್ಲೇ ಮಾಡಿಸಿ, ತಾವು ಎದುರಿಗೆ ಕುಳಿತಿರಿ. ಹೊಸ ಬ್ಯಾಟರಿಯ ಮೇಲೆ ಅಚ್ಚಾದ ಮಾದರಿ ಸಂಖ್ಯೆ ಹಳೆಯದರ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿ. ಮೂಲದ್ದರ ಸಾಮರ್ಥ್ಯ 6000 ಎಂಎಎಚ್ ಆಸುಪಾಸಿನದಾಗಿದ್ದು ಅದೇ ಗಾತ್ರದ ಹೊಸತರ ಮೇಲೆ 9000 ಎಂದು ಬರೆದಿದ್ದರೆ ಆ ಬರಹವನ್ನು ನಂಬಬೇಡಿ. ಉಬ್ಬಿದ್ದು ಪರದೆಯನ್ನು ಒಳಗಿನಿಂದ ತಳ್ಳಿರುವುದರಿಂದ ಬಿಚ್ಚುವಾಗ ಗಾಜು ಬಿರಿಯುವ ಸಂಭವವಿದೆ. ಬಿರಿದರೆ ಯಾರ ಹೊಣೆ ಎಂಬುದನ್ನು ಬಿಚ್ಚುವ ಮೊದಲೇ ಮಾತಾಡಿಕೊಳ್ಳಿ. ಪರದೆಯೂ ಹೋದರೆ ಮುಂದೆ ಖರ್ಚು ಮಾಡಬೇಡಿ, ಅಲ್ಲಿಗೆ ಆ ಟ್ಯಾಬ್ಲೆಟ್ ಮುಗಿಯಿತೆಂದು ತಿಳಿಯಿರಿ. ತೆಗೆದ ಬ್ಯಾಟರಿಯನ್ನು ಮನೆಗೆ ತರಬೇಡಿ, ತೋಟದಲ್ಲಿ ಹೂಳುವುದಂತೂ ಬೇಡವೇ ಬೇಡ. ಇ-ತ್ಯಾಜ್ಯಕ್ಕೆ ಹಾಕುವಂತೆ ಅಂಗಡಿಯವರಿಗೇ ಒಪ್ಪಿಸಿ.

ಜಿಎಸ್‌ಟಿಯ ಮಾತು ಟ್ಯಾಬ್ಲೆಟ್‌ಗೆ ಸೇರಿದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದು ದೊಡ್ಡ ಟಿವಿ, ಎಸಿ ಮುಂತಾದವುಗಳ ತೆರಿಗೆ. ಟ್ಯಾಬ್ಲೆಟ್ ಮೊದಲೇ ಶೇ 18ರಲ್ಲಿತ್ತು, ಈಗಲೂ ಅಲ್ಲೇ ಇದೆ. ಅಮ್ಮನವರ ಯಕ್ಷಗಾನಕ್ಕೆ ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಅದಕ್ಕೆ ಯೂಟ್ಯೂಬ್ ನಡೆಸುವ ಒಂದು ಸ್ಟಿಕ್ ಹಾಕಿಕೊಡಿ, ವೇಷದ ಬಣ್ಣಗಾರಿಕೆ ದೊಡ್ಡದಾಗಿ ಕಾಣುತ್ತದೆ, ಟ್ಯಾಬ್ಲೆಟ್ ತಮ್ಮೊಬ್ಬರಿಗೇ ಉಳಿಯುತ್ತದೆ. ಬ್ಯಾಟರಿ ಹಾಕಿಸಿದ ಮೇಲೆ ಶೇ 80ಕ್ಕೆ ಚಾರ್ಜರ್ ತೆಗೆಯಿರಿ. ತಾಳಮದ್ದಳೆ ಇರುವ ದಿನ ಮಾತ್ರ ಪೂರ್ತಿ ತುಂಬಿಸಿಕೊಂಡು ಹೋಗಿ.